ಅಲಾಯಿ ಕುಣಿಯ ಮೂರನೇ ಸಾಲು

ಮೊಹರಂ ರಾತ್ರಿ ಅಲಾಯಿ ಕುಣಿ, ಅಂದರೆ ಮಸೂತಿ ಮುಂದೆ ತೋಡಿದ ಬೆಂಕಿ ಗುಂಡಿಯ ಸುತ್ತ ನೆರೆದ ಜನರ ಚಿತ್ರವೊಂದನ್ನು ಬಿಡಿಸಿದ್ದೇನೆ. ಅದನ್ನು ನೋಡಿದವರು ಮೊದಲು ಕೇಳುವುದು ನಿಶಾನೆಯ, ಅಂದರೆ ಬಾವುಟದ ಬಗ್ಗೆ. "ಮೊಹರಂ ನಿಶಾನೆ ಹಸಿರಲ್ವಾ? ಇಲ್ಯಾಕೆ ಮಣ್ಣಿನ ಬಣ್ಣ ಇದೆ?" ನಮ್ಮ ಕಡೆಯವರಂತೂ ಸುಮ್ನೆ ಬಿಡುವುದಿಲ್ಲ, ವಾದಕ್ಕೇ ನಿಲ್ಲುತ್ತಾರೆ. ಹಗಲಲ್ಲಿ ಅದು ಹಸಿರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಖತಲ್ ರಾತ್ರಿ, ಅಂದರೆ ಮೊಹರಂನ ಒಂಬತ್ತನೇ ದಿನದ ರಾತ್ರಿ, ಕುಣಿಯ ಪಕ್ಕ ನಿಂತು ನೋಡಿ. ಕಟ್ಟಿಗೆ ಬೆಂಕಿಯ ಬೆಳಕಿನಲ್ಲಿ ಕೆಂಪು, ಹಳದಿ ತುಂಬಿರುತ್ತವೆ, ನೀಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಬಟ್ಟೆ ಎಲ್ಲಿಂದ ತರಬೇಕು? ಹಸಿರು ಬಟ್ಟೆ ಕಂದು ಬಣ್ಣಕ್ಕೆ ತಿರುಗುತ್ತದೆ. ನೀಲಿ ಅಂಗಿ ಕಪ್ಪಾಗುತ್ತದೆ. ಕೆಂಪು ಮಾತ್ರ ಹಗಲಿಗಿಂತ ಜಾಸ್ತಿ ಹೊಳೆಯುತ್ತದೆ. ಆದರೂ ಅಲ್ಲಿ ನಿಂತಾಗ ನಮಗೆ ನಿಶಾನೆ ಹಸಿರಾಗಿಯೇ ಕಾಣುತ್ತದೆ, ಯಾಕೆಂದರೆ ಅದು ಹಸಿರು ಅಂತ ತಲೆಗೆ ಮೊದಲೇ ಗೊತ್ತಿರುತ್ತದೆ. ಟ್ಯೂಬಿನಿಂದ ಹಸಿರು ಹಿಂಡಿ ಹಚ್ಚಿದರೆ ಏನಾಗುತ್ತದೆ ಅಂದರೆ, ಆ ಬಟ್ಟೆಯೊಂದಕ್ಕೆ ಮಾತ್ರ ಸೂರ್ಯ ಹುಟ್ಟಿದ ಹಾಗೆ ಕಾಣುತ್ತದೆ. ಹಳದಿ ಓಕರ್‌ಗೆ ಒಂಚೂರು ಕಪ್ಪು, ಅದಕ್ಕೆ ಸ್ವಲ್ಪ ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಕಲಸಿ ಹಚ್ಚಿ, ಸುತ್ತಲೂ ಕಿತ್ತಳೆ ಬೆಳಕು ಇಟ್ಟರೆ ಸಾಕು, ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದಾಗ ಹಸಿರು ಅನ್ನಿಸುತ್ತದೆ.

ಮೂರು ಅಡಿ ಎತ್ತರ, ನಾಲ್ಕು ಅಡಿ ಅಗಲದ ಕ್ಯಾನ್ವಾಸ್. ಎಣ್ಣೆ ಬಣ್ಣ. ಅಲಾಯಿ ಕುಣಿ ಸುತ್ತ ನೆರೆದ ಊರ ಜನ, ರಾತ್ರಿ, ಬೆಂಕಿ, ಗದ್ದಲ. ಇಂಥ ಚಿತ್ರ ಬಿಡಿಸಬೇಕು ಅಂದುಕೊಂಡವರಿಗೆಲ್ಲ ಬೆಂಕಿ ಹೇಗೆ ಬಿಡಿಸೋದು ಅನ್ನುವುದೇ ದೊಡ್ಡ ಚಿಂತೆ. ನಾನು ಕಂಡ ಹಾಗೆ ಬೆಂಕಿ ಒಂದು ಮಧ್ಯಾಹ್ನದ ಕೆಲಸ. ಜನರೇ ಕಷ್ಟ. ಅದರಲ್ಲೂ ಮೂರನೇ ಸಾಲಿನ ಜನ. ಪೂರ್ತಿ ಬೆಳಕೂ ಸಿಗದ, ಪೂರ್ತಿ ಕತ್ತಲೂ ಅಲ್ಲದ ಜಾಗದಲ್ಲಿ ನಿಂತಿರುತ್ತಾರಲ್ಲ, ಅವರು. ಅವರು ಸರಿಯಾಗಿ ಬಂದರೆ ಚಿತ್ರ ಬಂತು, ಇಲ್ಲದಿದ್ದರೆ ಕ್ಯಾಲೆಂಡರ್ ಆಯ್ತು ಅಂತಲೇ ಲೆಕ್ಕ.

ಮೈಸೂರು, ಮಲೆನಾಡಿನ ಕಡೆಯವರಿಗೆ ಸ್ವಲ್ಪ ಹೇಳಬೇಕು. ರಾಯಚೂರು, ಕೊಪ್ಪಳ, ಕಲಬುರಗಿ, ವಿಜಯಪುರ ಕಡೆ ಮೊಹರಂ ಅಂದರೆ ಊರಿನ ಹಬ್ಬ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನ್ ಮತ್ತು ಅವರ ಜೊತೆಗಿದ್ದವರು ಹತರಾದ ನೆನಪು ಅದು. ನಮ್ಮಲ್ಲಿ ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲೂ ಪೀರಲ ದೇವರನ್ನು, ಅಂದರೆ ಹಸ್ತದ ಆಕಾರದ ಲೋಹದ ಪಂಜಾಗಳನ್ನು, ಕೂಡಿಸುತ್ತಾರೆ. ಮಸೂತಿ ಮುಂದೆ ಗುದ್ದಲಿ ಹಾಕಿ ಕುಣಿ ತೋಡುತ್ತಾರೆ, ಅದರಲ್ಲಿ ಬೆಂಕಿ ಹಾಕುತ್ತಾರೆ, ಅದರ ಸುತ್ತ ಗಂಡಸರು ಸಾಲುಗಟ್ಟಿ ಹೆಜ್ಜೆ ಹಾಕುತ್ತಾರೆ, ಕರ್ಬಲಾದ ಕತೆ ಹೇಳುವ ರಿವಾಯತ್ ಪದ ಹಾಡುತ್ತಾರೆ. ಹರಕೆ ಹೊತ್ತವರು ಲಾಡಿ (ಬಣ್ಣದ ದಾರ) ಕಟ್ಟಿಕೊಂಡು ಫಕೀರರಾಗುತ್ತಾರೆ. ಹೆಂಗಸರು ಸಕ್ಕರೆ ಓದಿಸಲು (ಪ್ರಾರ್ಥನೆ ಹೇಳಿಸಿ ಅರ್ಪಿಸಲು), ಚೊಂಗೆ ಎಂಬ ಸಿಹಿ ರೊಟ್ಟಿಯ ಎಡೆ ಕೊಡಲು ಬರುತ್ತಾರೆ. ಲಿಂಗಸೂಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನೋಡಲು ದೂರದೂರದಿಂದ ಜನ ಬರುತ್ತಾರೆ, ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾನು ಬಿಡಿಸಿದ್ದು ಮುದಗಲ್ಲನ್ನಲ್ಲ, ಅದೇ ಸೀಮೆಯ ಒಂದು ಸಣ್ಣ ಊರನ್ನು. ಸಣ್ಣ ಊರಲ್ಲಿ ಮುಖಗಳು ಗೊತ್ತಿರುತ್ತವೆ. ಚಿತ್ರಕ್ಕೆ ಅದು ಬಹಳ ಮುಖ್ಯ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೋಳಿ ಹುಣ್ಣಿಮೆಯ ಕಾಮದಹನ ಬಿಡಿಸಬಹುದಿತ್ತಲ್ವಾ, ಅದರಲ್ಲಿ ಬೆಂಕಿ ಇನ್ನೂ ದೊಡ್ಡದು ಅಂತ ಗೆಳೆಯರೊಬ್ಬರು ಕೇಳಿದರು. ದೊಡ್ಡದೇ ತೊಂದರೆ. ಕಾಮಣ್ಣನ ಬೆಂಕಿ ನೆಲದಿಂದ ಮೇಲೆ ಎದ್ದು ನಿಂತಿರುತ್ತದೆ, ಬೆಳಕು ಮುಖಕ್ಕೆ ನೇರ ಬಡಿಯುತ್ತದೆ, ಎಲ್ಲರ ಮುಖವೂ ಒಂದೇ ಥರ ಚಪ್ಪಟೆ. ಅಲಾಯಿ ಕುಣಿಯ ಬೆಂಕಿ ಇರುವುದು ನೆಲದ ಕೆಳಗೆ. ಬೆಳಕು ಕೆಳಗಿನಿಂದ ಮೇಲಕ್ಕೆ ಬರುತ್ತದೆ. ನಾವು ದಿನಾ ನೋಡುವ ಮುಖಗಳಿಗೆ ಬೆಳಕು ಮೇಲಿನಿಂದ ಬೀಳುತ್ತದೆ, ಸೂರ್ಯ ಆಗಲಿ ಟ್ಯೂಬ್‌ಲೈಟ್ ಆಗಲಿ. ಇಲ್ಲಿ ಎಲ್ಲ ತಲೆಕೆಳಗು. ಗದ್ದದ ಕೆಳಭಾಗ ಬೆಳಗಿರುತ್ತದೆ, ಮೂಗಿನ ಹೊಳ್ಳೆಗಳ ಸುತ್ತ ಬೆಳಕು, ಹುಬ್ಬಿನ ಕೆಳಗಿನ ಗುಳಿ ಬೆಳಕು, ಮೂಗಿನ ನೆರಳು ಹಣೆಯ ಕಡೆಗೆ ಏರಿರುತ್ತದೆ, ಕೆನ್ನೆಯ ಮೇಲ್ಭಾಗ ಕತ್ತಲು. ಪರಿಚಯದ ಮನುಷ್ಯನೇ ಬೇರೆ ಯಾರೋ ಆಗಿಬಿಡುತ್ತಾನೆ. ಹೆಜ್ಜೆ ಹಾಕುವವರು ಮುಂದಕ್ಕೆ ಬಾಗಿದಾಗ ಒಂದು ಕ್ಷಣ ಮುಖ ಪೂರ್ತಿ ಕಾಣುತ್ತದೆ, ಎದ್ದಾಗ ಮತ್ತೆ ಗದ್ದ ಮಾತ್ರ. ಒಂದು ಸಾಲಿನಲ್ಲಿ ಕೆಲವರು ಬಾಗಿ ಕೆಲವರು ಎದ್ದು ಇದ್ದರೆ, ಕೈಕಾಲು ಆಡಿಸುವುದನ್ನು ಬಿಡಿಸದೇ ಹೋದರೂ ಬರೀ ಮುಖದ ಬೆಳಕಿನಲ್ಲೇ ಕುಣಿತ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಇದೆ. ಬೆಂಕಿ ಕೆಂಡವಾಗಿ ಕುಳಿತಾಗ ಬೆಳಕು ಕುಣಿಯ ಅಂಚು ದಾಟಿ ಅಡ್ಡಕ್ಕೆ ಹೋಗುವುದಿಲ್ಲ. ಅಂಚಿಗೆ ಬಂದು ಬಗ್ಗಿ ನೋಡುವವರ ಮುಖ ಮಾತ್ರ ಕೆಂಪಾಗುತ್ತದೆ, ಹಿಂದಿನವರೆಲ್ಲ ಮಾಯ. ಯಾರಾದರೂ ಒಂದು ಹೊರೆ ಜಾಲಿ ಕಟ್ಟಿಗೆ ತಂದು ಎಸೆದರೆ ಉರಿ ಅಂಚಿನ ಮೇಲೆ ಏಳುತ್ತದೆ. ಆಗ ಬೆಳಕು ಮೊದಲ ಸಾಲಿನವರ ಕಾಲುಗಳ ನಡುವೆ ತೂರಿ ಹಿಂದಕ್ಕೆ ಹೋಗುತ್ತದೆ. ಎರಡನೇ, ಮೂರನೇ ಸಾಲಿನವರ ಸೀರೆಯ ಅಂಚು, ಧೋತರದ ಒಂದು ಮಡಿಕೆ, ಒಬ್ಬ ಹುಡುಗನ ಮೊಣಕಾಲು ಬೆಳಗುತ್ತದೆ, ಅವರ ಮುಖ ಮಾತ್ರ ಕತ್ತಲಲ್ಲೇ ಇರುತ್ತದೆ. ನಾನು ಆರಿಸಿಕೊಂಡದ್ದು ಆ ಕ್ಷಣವನ್ನು. ಮೊದಲ ಸಾಲಿನ ಕಾಲುಗಳು ಕಪ್ಪು ಕಂಬಗಳು, ನಡುವೆ ಕಿತ್ತಳೆ ಸೀಳುಗಳು, ಆ ಸೀಳಿನಲ್ಲಿ ಹಿಂದಿನವರ ತುಂಡು ತುಂಡು ಬಟ್ಟೆ.

ಈಗ ಇದನ್ನು ನೋಡೋದೇ ಕಷ್ಟ ಆಗಿದೆ. ಕುಣಿಯ ನಾಲ್ಕೂ ಕಡೆ ಎಲ್‌ಇಡಿ ಫೋಕಸ್ ಲೈಟ್. ಬಿಳಿ, ನೀಲಿ, ತಣ್ಣನೆಯ ಬೆಳಕು. ಅದರ ಮುಂದೆ ಬೆಂಕಿ ಬಡವಾಗಿಬಿಡುತ್ತದೆ. ಸುರಕ್ಷತೆಗೆ ಬೇಕು, ಒಪ್ಪುತ್ತೇನೆ, ಅಷ್ಟು ಜನ ಬೆಂಕಿ ಹತ್ತಿರ ಓಡಾಡುವಾಗ ಲೈಟ್ ಬೇಡ ಅನ್ನಲು ನಾನ್ಯಾರು? ಆದರೆ ಚಿತ್ರಕ್ಕೆ ಅದು ವಿಷ. ಹಳ್ಳಿಯಲ್ಲಿ ಕರೆಂಟ್ ಹೋಗುತ್ತದಲ್ಲ, ಆಗ ನನ್ನ ಪೆನ್ಸಿಲ್ ಹೊರಗೆ ಬರುತ್ತದೆ. ಎಲ್ಲರೂ "ಹೋ" ಅಂತ ಕೂಗುವಾಗ ನಾನೊಬ್ಬನೇ ಖುಷಿ ಪಡುವುದು ನೋಡಿ ನಮ್ಮ ದೊಡ್ಡಪ್ಪ ತಲೆ ಚಚ್ಚಿಕೊಳ್ಳುತ್ತಾರೆ.

ಮೊಬೈಲ್ ಫೋಟೋ ನಂಬಬೇಡಿ. ಉರಿ ಇರುವ ಜಾಗ ಪೂರ್ತಿ ಬಿಳಿಯಾಗಿ ಸುಟ್ಟುಹೋಗಿರುತ್ತದೆ, ಇಲ್ಲವೇ ಫೋನು ತಾನೇ ಬುದ್ಧಿ ಓಡಿಸಿ ಕತ್ತಲನ್ನೆಲ್ಲ ಬೆಳಗಿಸಿ ಇಟ್ಟಿರುತ್ತದೆ. ಕಟ್ಟಿಗೆ ಬೆಂಕಿಯ ಬಣ್ಣದ ತಾಪ ಸುಮಾರು 1,900 ಕೆಲ್ವಿನ್, ಹಗಲಿನದು 5,500ರ ಮೇಲೆ; ಈ ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಕೆಂಪು. ಕ್ಯಾಮೆರಾ ಈ ಅಂತರವನ್ನು ಸರಿಪಡಿಸಲು ಹೋಗಿ ಹಳದಿಯನ್ನು ಕಿತ್ತು ಹಾಕುತ್ತದೆ. ಯಾರು ಎಲ್ಲಿ ನಿಂತಿದ್ದರು, ರುಮಾಲು ಹೇಗೆ ಸುತ್ತಿದ್ದರು ಅನ್ನುವುದಕ್ಕೆ ಫೋಟೋ ಸಾಕು. ಬೆಳಕಿಗೆ ಮಾತ್ರ ಕಣ್ಣೇ ಗತಿ. ನಾನು ಮಾಡುವುದು ಇಷ್ಟೇ, ಅಂಗೈ ಅಗಲದ ಪುಸ್ತಕದಲ್ಲಿ ಮೂರೇ ಮೂರು ಛಾಯೆಯಲ್ಲಿ ಗೀಚಿಕೊಳ್ಳುವುದು: ಕಪ್ಪು, ನಡುವಿನದು, ಕಾಗದದ ಬಿಳಿ. ಚಿತ್ರಕಾರ ಕೆ.ಕೆ. ಹೆಬ್ಬಾರರ ರೇಖಾಚಿತ್ರ ನೋಡಿದವರಿಗೆ ಗೊತ್ತು, ಕುಣಿಯುವವರ ಇಡೀ ಮೈಯನ್ನು ನಾಲ್ಕೈದು ಗೆರೆಗಳಲ್ಲಿ ಹಿಡಿದುಬಿಡುತ್ತಾರೆ. ನಮಗೆ ಅಷ್ಟು ಬರದಿದ್ದರೂ, ಗೆರೆ ಕಡಿಮೆಯಾದಷ್ಟೂ ಒಳ್ಳೆಯದು ಅನ್ನುವುದಂತೂ ಅಲ್ಲಿಂದ ಕಲಿಯಬಹುದು.

ಕಣ್ಣಿಗೂ ಮಿತಿ ಇದೆ. ಬೆಂಕಿಯನ್ನೇ ದಿಟ್ಟಿಸಿ ನೋಡಿ ಆಮೇಲೆ ಜನರ ಕಡೆ ತಿರುಗಿದರೆ ಬರೀ ಕಪ್ಪು ಗೋಡೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅದಕ್ಕೇ ಬೆಂಕಿಗೆ ಬೆನ್ನು ಹಾಕಿ ನಿಂತು ಜನರನ್ನು ನೋಡಬೇಕು. ಎಲ್ಲರೂ ಒಂದು ಕಡೆ ನೋಡುತ್ತಿರುವಾಗ ಒಬ್ಬ ಮಾತ್ರ ಅವರನ್ನೇ ನೋಡುತ್ತಾ ನಿಂತರೆ ಹೇಗಿರುತ್ತದೆ ಊಹಿಸಿ. ಊರಲ್ಲಿ ಅಭ್ಯಾಸ ಆಗಿದೆ, ಯಾರೂ ಏನೂ ಅನ್ನುವುದಿಲ್ಲ.

ಹಳೆಯ ಚಿತ್ರಗಳಲ್ಲಿ ನನಗೆ ಈ ಕೆಲಸಕ್ಕೆ ಹೆಚ್ಚು ಉಪಯೋಗಕ್ಕೆ ಬಂದದ್ದು ಸ್ಪೇನಿನ ಚಿತ್ರಕಾರ ಗೋಯಾನದು. 1808ರ ಮೇ 3ರಂದು ಮ್ಯಾಡ್ರಿಡ್‌ನಲ್ಲಿ ಫ್ರೆಂಚ್ ಸೈನಿಕರು ಊರ ಜನರನ್ನು ಗುಂಡಿಟ್ಟು ಕೊಂದದ್ದನ್ನು ಅವನು 1814ರಲ್ಲಿ ಬಿಡಿಸಿದ. ಈಗ ಅದು ಪ್ರಾದೋ ಮ್ಯೂಸಿಯಂನಲ್ಲಿದೆ, ನೆಟ್‌ನಲ್ಲಿ ದೊಡ್ಡ ಸೈಜಿನಲ್ಲಿ ಸಿಗುತ್ತದೆ, ತೆರೆದು ನೋಡಿ. ಬೆಳಕು ಎಲ್ಲಿದೆ? ನೆಲದ ಮೇಲಿಟ್ಟ ಒಂದು ಚೌಕ ಲಾಂದ್ರದಲ್ಲಿ. ಪೂರ್ತಿ ಬೆಳಕು ಸಿಕ್ಕಿದ್ದು ಕೈ ಮೇಲೆತ್ತಿದ ಒಬ್ಬನ ಬಿಳಿ ಅಂಗಿಗೆ. ಸೈನಿಕರ ಮುಖ ಇಲ್ಲವೇ ಇಲ್ಲ, ಬೆನ್ನಿನ ಸಾಲು ಮಾತ್ರ. ಎಲ್ಲರೂ ಇಷ್ಟು ಹೇಳುತ್ತಾರೆ. ನಾನು ನೋಡಿ ಅನ್ನುವುದು ಅದರ ಹಿಂದೆ, ಗುಡ್ಡದ ಪಕ್ಕದಿಂದ ಸರದಿಯಲ್ಲಿ ಬರುತ್ತಿರುವ ಜನರನ್ನು. ಮುಖ ಮುಚ್ಚಿಕೊಂಡ ಕೈಗಳು, ಬಾಗಿದ ತಲೆಗಳು, ಒಂದಕ್ಕೊಂದು ಅಂಟಿಕೊಂಡ ಕಂದು ಬಣ್ಣದ ಗುಂಪು. ಹತ್ತಿರ ಹೋದರೆ ಬಣ್ಣದ ನಾಲ್ಕು ಎಳೆತ. ಆ ಗುಂಪನ್ನು ಬೆರಳಿನಿಂದ ಮುಚ್ಚಿ ನೋಡಿ, ಕೊಲೆ ಅಲ್ಲೇ ಮುಗಿದ ಹಾಗೆ ಅನ್ನಿಸುತ್ತದೆ. ಬೆರಳು ತೆಗೆದರೆ, ಇನ್ನೂ ಎಷ್ಟು ಜನ ಇದ್ದಾರೋ ಅನ್ನುವ ಭಯ ಹುಟ್ಟುತ್ತದೆ.

1834ರ ಅಕ್ಟೋಬರ್ 16ರ ರಾತ್ರಿ ಲಂಡನ್ನಿನ ಪಾರ್ಲಿಮೆಂಟ್ ಹೊತ್ತಿ ಉರಿದಾಗ ಇಂಗ್ಲಿಷ್ ಚಿತ್ರಕಾರ ಟರ್ನರ್ ಥೇಮ್ಸ್ ದಂಡೆಯ ಜನರ ನಡುವೆ ನಿಂತು ನೋಡಿದ್ದ. ಆಮೇಲೆ ಬಿಡಿಸಿದ ಎರಡು ಎಣ್ಣೆ ಚಿತ್ರಗಳು ಈಗ ಅಮೆರಿಕದ ಫಿಲಡೆಲ್ಫಿಯಾ ಮತ್ತು ಕ್ಲೀವ್‌ಲ್ಯಾಂಡ್‌ನಲ್ಲಿವೆ. ಚೆನ್ನಾಗಿವೆ, ಆದರೆ ಅವನಿಗೆ ಆಕಾಶದ ಮೇಲೆ ಪ್ರೀತಿ ಜಾಸ್ತಿ. ಜನ ಬರೀ ಚುಕ್ಕೆ. ನನಗೆ ಅಷ್ಟು ದೂರ ಹೋಗಲು ಮನಸ್ಸಿಲ್ಲ.

ನಮ್ಮಲ್ಲೇ ಇರುವುದನ್ನೂ ಹೇಳಬೇಕು. ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನೋಡದವರು ಕಡಿಮೆ. ಶಾಲೆ ಟ್ರಿಪ್‌ನಲ್ಲಿ ನಮ್ಮನ್ನೂ ಕರೆದುಕೊಂಡು ಹೋಗಿ ಕತ್ತಲೆ ಕೋಣೆಯಲ್ಲಿ ತೋರಿಸಿದ್ದರು. ಬಹಳ ಜನ ಅದು ರವಿವರ್ಮನದು ಅಂದುಕೊಂಡಿದ್ದಾರೆ, ಎಣ್ಣೆ ಬಣ್ಣ ಅಂತಲೂ ಅಂದುಕೊಂಡಿದ್ದಾರೆ. ಎರಡೂ ಅಲ್ಲ. ಅದು ಎಸ್.ಎಲ್. ಹಲದಂಕರ್ ಅವರ ಜಲವರ್ಣ, 1940ರ ದಶಕದ್ದು, ರೂಪದರ್ಶಿಯಾಗಿ ನಿಂತದ್ದು ಅವರ ಮಗಳೇ. ಆ ಚಿತ್ರದಲ್ಲಿ ದೀಪಕ್ಕೆ ಅಡ್ಡ ಹಿಡಿದ ಕೈ ನೋಡಿ. ಬೆರಳುಗಳ ಅಂಚಿನಲ್ಲಿ ಬೆಳಕು ಚರ್ಮದ ಒಳಗಿಂದ ಕೆಂಪಗೆ ಸೋಸಿ ಬರುತ್ತದೆ. ನನ್ನ ಚಿತ್ರದಲ್ಲಿ ಅಂಥದ್ದೊಂದು ಜಾಗ ಬೇಕು ಅಂತ ಬಹಳ ಆಸೆ ಇತ್ತು. ಸಿಕ್ಕಿದ್ದು ಹಲಗಿ ಅನ್ನುವ ಚರ್ಮವಾದ್ಯದಲ್ಲಿ.

ಹಲಗಿ ಬಾರಿಸುವವರು ನಡುನಡುವೆ ಒಂದು ಪಕ್ಕಕ್ಕೆ ಹೋಗಿ ಹುಲ್ಲು, ರದ್ದಿ ಕಾಗದ ಸುಟ್ಟು ಹಲಗಿ ಕಾಯಿಸುತ್ತಾರೆ. ಚರ್ಮ ಸಡಿಲಾದರೆ ನಾದ ಸತ್ತುಹೋಗುತ್ತದೆ, ಕಾಯಿಸಿದರೆ ಬಿಗಿಯಾಗುತ್ತದೆ. ಹಲಗಿಯನ್ನು ಉರಿಗೆ ಹಿಡಿದಾಗ, ಆಚೆ ಕಡೆ ನಿಂತು ನೋಡುವವರಿಗೆ ಚರ್ಮ ಪೂರ್ತಿ ಒಳಗಿಂದ ಹೊತ್ತಿಕೊಂಡಂತೆ ಕಾಣುತ್ತದೆ. ನಡುವೆ ಜೇನಿನ ಬಣ್ಣ, ಅಂಚಿನ ಕಡೆ ದಪ್ಪ ಇರುವಲ್ಲಿ ಕಂದು, ಹಿಡಿದ ಬೆರಳುಗಳ ನೆರಳು ಚರ್ಮದ ಮೇಲೆ. ಹುಲ್ಲಿನ ಉರಿ ಕುಣಿಯ ಉರಿಗಿಂತ ಹಳದಿ ಜಾಸ್ತಿ, ಆಯುಷ್ಯ ಕಡಿಮೆ. ಚಿತ್ರದಲ್ಲಿ ಎಡಕ್ಕೆ ಇದನ್ನು ಇಟ್ಟೆ. ಎರಡು ಬೆಂಕಿ ಇದ್ದಾಗ ಒಂದು ಯಜಮಾನ, ಇನ್ನೊಂದು ಆಳು ಆಗಲೇಬೇಕು, ಇಲ್ಲದಿದ್ದರೆ ಕಣ್ಣು ಅಲ್ಲಿಗೂ ಇಲ್ಲಿಗೂ ಅಲೆಯುತ್ತದೆ. ಅದಕ್ಕೆ ಸಣ್ಣ ಬೆಂಕಿಯನ್ನು ಪೂರ್ತಿ ಹಲಗಿಯ ಹಿಂದೆ ಮುಚ್ಚಿಬಿಟ್ಟೆ. ಉರಿಯೇ ಕಾಣದು, ಚರ್ಮ ಮಾತ್ರ ಬೆಳಗುತ್ತದೆ. ಹದಿನೇಳನೇ ಶತಮಾನದ ಫ್ರೆಂಚ್ ಚಿತ್ರಕಾರ ಜಾರ್ಜ್ ದ ಲಾ ಟೂರ್ ಮೇಣದ ಬತ್ತಿಯನ್ನು ಯಾರದ್ದಾದರೂ ಕೈ ಹಿಂದೆ ಅಡಗಿಸುತ್ತಿದ್ದ, ಅದೇ ಉಪಾಯ.

ಇದನ್ನು ಎಣ್ಣೆ ಬಣ್ಣದಲ್ಲಿ ತರಲು ಅವಸರ ಮಾಡಬಾರದು. ಮೊದಲು ಹಲಗಿಯ ವೃತ್ತವನ್ನು ಬಿಳಿ ಮತ್ತು ಹಳದಿ ಓಕರ್‌ನಿಂದ ಕಣ್ಣಿಗೆ ಹೊಡೆಯುವಷ್ಟು ತಿಳಿಯಾಗಿ ಹಚ್ಚಿ ಪೂರ್ತಿ ಒಣಗಲು ಬಿಡಬೇಕು. ಒಣಗಿದ ಮೇಲೆ ಪಾರದರ್ಶಕ ಬಣ್ಣಗಳನ್ನು ಎಣ್ಣೆಯಲ್ಲಿ ತೆಳ್ಳಗೆ ಮಾಡಿ ಮೇಲೆ ಎಳೆಯಬೇಕು. ಇಂಡಿಯನ್ ಯೆಲ್ಲೋ ನಡುವೆ, ಬರ್ನ್ಟ್ ಸಿಯೆನ್ನಾ ಅಂಚಿಗೆ, ಬೆರಳಿನ ಸುತ್ತ ಒಂದು ಚೂರು ಅಲಿಜರಿನ್ (ಗಾಢ ಕೆಂಪು). ಕ್ಯಾಡ್ಮಿಯಂ ಬಣ್ಣಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಅವು ಅಪಾರದರ್ಶಕ, ಕೆಳಗಿನ ಬೆಳಕನ್ನು ಮುಚ್ಚಿಬಿಡುತ್ತವೆ. ಕೋಣೆಯ ಬೆಳಕು ಆ ತೆಳು ಪದರದ ಮೂಲಕ ಒಳಗೆ ಹೋಗಿ, ಕೆಳಗಿನ ತಿಳಿ ಬಣ್ಣಕ್ಕೆ ಬಡಿದು, ಮತ್ತೆ ಅದೇ ಪದರ ದಾಟಿ ನಮ್ಮ ಕಣ್ಣಿಗೆ ಬರುತ್ತದೆ. ನಿಜವಾದ ಹಲಗಿಯ ಚರ್ಮದಲ್ಲೂ ಹೆಚ್ಚುಕಮ್ಮಿ ಅದೇ ನಡೆಯುತ್ತದೆ, ಹಾಗಾಗಿ ಇದು ನಾಟಕದಂತೆ ಕಾಣುವುದಿಲ್ಲ.

ಶುರುವಿಗೆ ಬರೋಣ. ಬಿಳಿ ಕ್ಯಾನ್ವಾಸ್ ಮೇಲೆ ರಾತ್ರಿ ಬಿಡಿಸಲು ಹೋಗಬೇಡಿ. ಬರ್ನ್ಟ್ ಅಂಬರ್ (ಕಡು ಕಂದು) ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ನೀರು ಮಾಡಿ ಇಡೀ ಕ್ಯಾನ್ವಾಸ್‌ಗೆ ಬಳಿದು, ಹಸಿ ಇರುವಾಗಲೇ ಹಳೆ ಬನಿಯನ್ ಬಟ್ಟೆಯಿಂದ ಬೆಳಕು ಬೇಕಾದ ಜಾಗವನ್ನು ಒರೆಸಿ ತೆಗೆಯಿರಿ. ಕುಣಿ ಒರೆಸಿ, ಮುಂದಿನ ಸಾಲಿನ ಗದ್ದ ಎದೆಗಳನ್ನು ಒರೆಸಿ, ಹಿಂದಿನದನ್ನು ಬೆರಳಿಗೆ ಬಟ್ಟೆ ಸುತ್ತಿ ಸುಮ್ನೆ ಮುಟ್ಟಿದ ಹಾಗೆ ಮಾಡಿ. ಅರ್ಧ ಗಂಟೆಯಲ್ಲಿ ಚಿತ್ರದ ಹಣೆಬರಹ ಗೊತ್ತಾಗುತ್ತದೆ. ಬರದಿದ್ದರೆ ಪೂರ್ತಿ ಒರೆಸಿ ಮತ್ತೆ ಬಳಿಯಬಹುದು, ಖರ್ಚು ಏನಿಲ್ಲ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಮೇಲೆ ಕೆಲಸ ಮಾಡಲು ಕಾಯಬೇಕಿಲ್ಲ. ಐವರಿ ಬ್ಲ್ಯಾಕ್ ಬಹಳ ನಿಧಾನ ಒಣಗುತ್ತದೆ, ಅದನ್ನು ಕೆಳಪದರಕ್ಕೆ ಹಾಕಿದರೆ ಮೇಲಿನದು ಮೊದಲು ಒಣಗಿ ಮುಂದೆ ಬಿರುಕು ಬಿಡುತ್ತದೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಜಾಸ್ತಿ, ಈ ನಿಯಮ ಮೀರಬೇಡಿ.

ಕತ್ತಲಿಗೆ ನಾನು ಟ್ಯೂಬಿನ ಕಪ್ಪನ್ನು ಮುಟ್ಟುವುದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಬೆರೆಸಿದರೆ ಕಪ್ಪಿಗೆ ಹತ್ತಿರದ ಒಂದು ಬಣ್ಣ ಬರುತ್ತದೆ. ನೀಲಿ ಸ್ವಲ್ಪ ಹೆಚ್ಚಾದರೆ ಆಕಾಶದ ಕಡೆಯ ಕತ್ತಲು, ಅಂಬರ್ ಹೆಚ್ಚಾದರೆ ಬೆಂಕಿ ಕಡೆಯ ಕತ್ತಲು. ಎರಡೂ ಕತ್ತಲೇ, ಆದರೆ ಒಂದರಲ್ಲಿ ಚಳಿ ಇದೆ, ಒಂದರಲ್ಲಿ ಇಲ್ಲ. ಮೊಹರಂ ಚಾಂದ್ರ ತಿಂಗಳ ಲೆಕ್ಕದ್ದು, ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತಾ ಎಲ್ಲ ಕಾಲಕ್ಕೂ ಬರುತ್ತದೆ. ಕಾಲ ಯಾವುದಾದರೂ ಒಂಬತ್ತನೇ ದಿನದ ರಾತ್ರಿಗೆ ಚಂದ್ರ ಮಾತ್ರ ಅರ್ಧಕ್ಕಿಂತ ದೊಡ್ಡವನಾಗಿ ಪಡುವಣದ ಕಡೆ ಇರುತ್ತಾನೆ, ಮಧ್ಯರಾತ್ರಿ ದಾಟಿದ ಮೇಲೆ ಮುಳುಗುತ್ತಾನೆ. ಮಾಳಿಗೆ ಮನೆಗಳ ಕುಂಬಿಯ ಮೇಲೆ, ಅಲ್ಲಿ ಕೂತ ಹೆಂಗಸರ ತಲೆ ಮೇಲಿನ ಸೆರಗಿನ ಅಂಚಿಗೆ ಒಂದು ತೆಳು ನೀಲಿ ಗೆರೆ ಅಲ್ಲಿಂದ ಬರುತ್ತದೆ. ಆ ಗೆರೆ ಇದ್ದರೆ ಬೆಂಕಿ ಇನ್ನೂ ಬಿಸಿ ಅನ್ನಿಸುತ್ತದೆ. ಗೆರೆ ಎಂದರೆ ಗೆರೆಯೇ, ಬಳಿಯಬಾರದು.

ಈಗ ಮೂರನೇ ಸಾಲು. ಬೆಳಕಿನ ಲೆಕ್ಕ ನಿರ್ದಯ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗ, ಮೂರು ಪಟ್ಟಾದರೆ ಒಂಬತ್ತನೇ ಒಂದು. ಕುಣಿ ಅಗಲ ಇರುವುದರಿಂದ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ, ಆದರೂ ದಾರಿ ಅದೇ. ಆರು ಅಡಿ ದೂರ ನಿಂತವನ ಅಂಗಿ ಹದಿನೆಂಟು ಅಡಿ ದೂರ ನಿಂತವನ ಅಂಗಿಗಿಂತ ಎಷ್ಟೋ ಪಟ್ಟು ಬೆಳಗಿರುತ್ತದೆ, ಜೊತೆಗೆ ಮುಂದಿನವರ ಮೈ ಬೇರೆ ಅಡ್ಡ. ನಮ್ಮ ಕಡೆ ಗಂಡಸರು ಬಿಳಿ ಧೋತರ, ಬಿಳಿ ಅಂಗಿ ಹಾಕುವುದು ಚಿತ್ರಕಾರನಿಗೆ ದೊಡ್ಡ ಉಪಕಾರ. ಒಂದೇ ಬಿಳಿ ಬಟ್ಟೆ ಮೊದಲ ಸಾಲಿನಲ್ಲಿ ಹಳದಿ ಕಿತ್ತಳೆ, ಎರಡನೆಯದರಲ್ಲಿ ಇಟ್ಟಿಗೆಯ ಬಣ್ಣ, ಮೂರನೆಯದರಲ್ಲಿ ನೇರಳೆಗೆ ತಿರುಗಿದ ಕಂದು. ಪ್ಯಾಲೆಟ್ ಮೇಲೆ ಈ ಮೂರನೆಯದನ್ನು ಕಲಸಿಟ್ಟು ಯಾರಿಗಾದರೂ ತೋರಿಸಿ "ಇದು ಬಿಳಿ ಅಂಗಿ" ಅಂದರೆ ನಗುತ್ತಾರೆ. ಆದರೆ ಜಾಗಕ್ಕೆ ಹಚ್ಚಿದ ಕೂಡಲೇ ಬಿಳಿ ಅಂಗಿಯೇ.

ಆ ಸಾಲಿಗೆ ಕಣ್ಣು ಮೂಗು ಬಿಡಿಸಬಾರದು. ಅಲ್ಲಿ ನಿಂತವರು ಯಾರು ಅಂತ ಹೇಳುವುದು ನಿಲುವು. ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತವ, ಹೆಗಲ ಮೇಲೆ ಮಗು ಕೂರಿಸಿಕೊಂಡವ, ಗೋಡೆಗೆ ಒರಗಿದ ಮುದುಕಿ, ಟವೆಲ್ ತಲೆಗೆ ಸುತ್ತಿಕೊಂಡವ. ಎಲ್ಲರನ್ನೂ ಮೊದಲು ಒಂದೇ ಕಪ್ಪು ಆಕಾರವಾಗಿ ಹಾಕಿ, ಆಮೇಲೆ ಅಂಚಿನಲ್ಲಿ ಮಾತ್ರ ತಲೆ, ಭುಜ, ಮೊಣಕೈ ಬಿಡಿಸಿಕೊಳ್ಳುತ್ತಾ ಹೋದೆ. ಒಳಗೆ ಅಲ್ಲೊಂದು ಮೂಗುತಿಯ ಮಿಂಚು, ಇಲ್ಲೊಂದು ಕನ್ನಡಕದ ಗಾಜು, ಒಂದು ಬಳೆ. ಅಷ್ಟೇ. ದೊಡ್ಡಪ್ಪ ಚಿತ್ರದ ಮುಂದೆ ಬಹಳ ಹೊತ್ತು ನಿಂತು, ಹಿಂದಿನ ಸಾಲಿನಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತ ಒಂದು ಕಪ್ಪು ಗುಡ್ಡೆಯ ಕಡೆ ಬೆರಳು ತೋರಿಸಿ, "ಇವ ನಮ್ಮ ಹೋಟೆಲ್ ಮಾವ ಅಲ್ಲೇನು?" ಅಂದರು. ಹೋಟೆಲ್ ಮಾವನೇ. ಮುಖ ಇಲ್ಲ, ಇರುವುದು ಬ್ರಷ್‌ನ ಆರೇಳು ಹೊಡೆತ. ಗೊತ್ತಿರುವ ಊರನ್ನೇ ಬಿಡಿಸಬೇಕು ಅಂದದ್ದು ಇದಕ್ಕೇ. ಊಹೆಯಿಂದ ಹಾಕಿದ ಗುಂಪಿನಲ್ಲಿ ಎಲ್ಲರೂ ಒಂದೇ ಥರ ನಿಲ್ಲುತ್ತಾರೆ, ಸಿನಿಮಾ ಶೂಟಿಂಗ್‌ಗೆ ಕರೆತಂದವರ ಹಾಗೆ.

ಪಂಜಾಗಳದು ಬೇರೆ ತಲೆನೋವು. ಹಸ್ತದ ಆಕಾರದ ಲೋಹ, ಕೆಲವು ಬೆಳ್ಳಿ, ಕೆಲವು ಹಿತ್ತಾಳೆ. ಮೇಲೆ ಎತ್ತಿ ಹಿಡಿದಿರುವುದರಿಂದ ಬೆಂಕಿಗೆ ದೂರ, ಆದರೆ ಲೋಹ ಬೆಂಕಿಯನ್ನೇ ಕನ್ನಡಿಯಂತೆ ತೋರಿಸುತ್ತದೆ, ಹಾಗಾಗಿ ಒಂದು ಅಂಚು ಉರಿಯಷ್ಟೇ ಬೆಳಗಿ ಉಳಿದದ್ದು ರಾತ್ರಿಯಷ್ಟೇ ಕಪ್ಪು. ನಡುವಿನ ಛಾಯೆ ಹಾಕಿದರೆ ತಗಡು ಹೋಗಿ ರಟ್ಟು ಆಗುತ್ತದೆ. ಕಪ್ಪು ಹಾಕಿ, ಒಂದೇ ಏಟಿಗೆ ಹಳದಿ ಎಳೆದು, ಕೈ ತೆಗೆದುಬಿಡಬೇಕು.

ಹೊಗೆಗೆ ಒಣಗಿದ ಕತ್ತಲ ಮೇಲೆ ಬ್ರಷ್‌ನಲ್ಲಿ ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು ಕಡಿಮೆ ಬೂದು ತೆಗೆದುಕೊಂಡು ತಿಕ್ಕಬೇಕು. ಕಪ್ಪಿನ ಮೇಲೆ ತೆಳ್ಳಗೆ ತಿಕ್ಕಿದ ತಿಳಿ ಬಣ್ಣ ತಾನೇ ನೀಲಿಯಾಗಿ ಕಾಣುತ್ತದೆ, ನೀಲಿ ಸೇರಿಸುವುದೇ ಬೇಡ. ಉರಿಗೆ ಹತ್ತಿರದ ಹೊಗೆಯ ಹೊಟ್ಟೆಗೆ ಮಾತ್ರ ಕಿತ್ತಳೆ.

ಉರಿ ಕೊನೆಗೆ. ಬಿಳಿಗಿಂತ ಬೆಳ್ಳಗಿನದು ಟ್ಯೂಬಿನಲ್ಲಿ ಇಲ್ಲವಲ್ಲ, ಹಾಗಾಗಿ ಬೆಂಕಿಯ ಹೊಳಪು ಬರುವುದೆಲ್ಲ ಸುತ್ತಲಿನದನ್ನು ತಗ್ಗಿಸಿಯೇ. ಅದಷ್ಟೂ ಆಗಿದ್ದರೆ ಉರಿಗೆ ನಿಂಬೆ ಹಳದಿಗೆ ಒಂದು ಚಿಟಿಕೆ ಬಿಳಿ ಸಾಕು. ಬಿಳಿ ಜಾಸ್ತಿಯಾದರೆ ಸುಣ್ಣದ ಹಾಗೆ ತಣ್ಣಗಾಗುತ್ತದೆ. ಅಂಚಿಗೆ ಕ್ಯಾಡ್ಮಿಯಂ ಆರೆಂಜ್, ತುದಿಗೆ ಕೆಂಪು, ಕೊನೆಗೆ ಬರ್ನ್ಟ್ ಸಿಯೆನ್ನಾದಲ್ಲಿ ಕರಗಿಸಿಬಿಡುವುದು, ಎಲ್ಲ ಹಸಿಯಲ್ಲೇ, ಒಂದೇ ಬೈಠಕ್‌ನಲ್ಲಿ. ಕಿಡಿಗಳು ಬೆರಳೆಣಿಕೆಯಷ್ಟು. ಕಿಡಿ ಹಾಕುವಾಗ ಬರುವ ಖುಷಿ ಬಹಳ ಅಪಾಯದ್ದು, ಯಾರಾದರೂ ಬಂದು ಬ್ರಷ್ ಕಿತ್ತುಕೊಂಡರೆ ಒಳ್ಳೆಯದು.

ಒಂದು ಎಚ್ಚರಿಕೆ. ಎಣ್ಣೆ ಬಣ್ಣದ ಎಣ್ಣೆ ಎಂದರೆ ಅಗಸೆ ಎಣ್ಣೆ, ನಾವು ಹಿಂಡಿ ಮಾಡಿ ರೊಟ್ಟಿ ಜೊತೆ ತಿನ್ನುತ್ತೇವಲ್ಲ, ಅದೇ ಅಗಸೆ. ಈ ಎಣ್ಣೆ ಒಣಗುವುದು ಗಾಳಿಯ ಆಮ್ಲಜನಕ ಹೀರಿಕೊಂಡು, ಆಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಶಾಖ ಒಳಗೇ ಕೂಡಿ, ಯಾರೂ ಕಡ್ಡಿ ಗೀರದೇ ಬಟ್ಟೆಗೆ ತಾನೇ ಬೆಂಕಿ ಹತ್ತಬಹುದು. ಇದು ಕಟ್ಟುಕತೆಯಲ್ಲ. ಬಟ್ಟೆಗಳನ್ನು ನೀರು ತುಂಬಿದ ಡಬ್ಬದಲ್ಲಿ ಹಾಕಿ, ಇಲ್ಲವೇ ಹೊರಗೆ ಬಿಡಿಬಿಡಿಯಾಗಿ ಹರವಿ ಒಣಗಿಸಿ. ಟರ್ಪೆಂಟೈನ್ ಇಟ್ಟ ಕೋಣೆಯ ಕಿಟಕಿ ತೆರೆದಿರಲಿ.

ಚಿತ್ರ ಈಗ ಗೋಡೆ ಮೇಲಿದೆ. ಅಂಬರ್ ಇದ್ದ ಕಡೆ ಎ‌ಣ್ಣೆ ಕೆಳಗೆ ಇಂಗಿ ಕತ್ತಲು ಅಲ್ಲಲ್ಲಿ ಮಂಕಾಗಿತ್ತು, ತೆಳ್ಳಗೆ ಎಣ್ಣೆ ಸವರಿ ಹೆಚ್ಚಾದದ್ದನ್ನು ಒರೆಸಿದ ಮೇಲೆ ಎದ್ದಿದೆ. ವಾರ್ನಿಷ್‌ಗೆ ಕಡಿಮೆ ಎಂದರೂ ಆರು ತಿಂಗಳು ಕಾಯಬೇಕು. ಅಷ್ಟರಲ್ಲಿ ಇನ್ನೊಂದು ಶುರು ಮಾಡುವ ಯೋಚನೆ ಇದೆ, ಈ ಸಲ ಮೊದಲ ಸಾಲನ್ನೇ ತೆಗೆದುಹಾಕಿ, ಮಾಳಿಗೆ ಮೇಲೆ ಕೂತ ಹೆಂಗಸರ ಜಾಗದಿಂದ ಕೆಳಗೆ ನೋಡಿದ ಹಾಗೆ. ಅದಕ್ಕೆ ಫೋಕಸ್ ಲೈಟ್ ಹಾಕದ ಊರು ಬೇಕು. ರಾಯಚೂರು, ಕೊಪ್ಪಳ ಸೀಮೆಯಲ್ಲಿ ನಿಮ್ಮ ಊರಿನ ಕುಣಿ ಇನ್ನೂ ಬರೀ ಬೆಂಕಿ ಬೆಳಕಿನಲ್ಲೇ ಇದ್ದರೆ ತಿಳಿಸಿ, ಮುಂದಿನ ಖತಲ್ ರಾತ್ರಿಗೆ ಬರುತ್ತೇನೆ. ಹತ್ತಲು ಒಂದು ಮಾಳಿಗೆ ಇರಲಿ, ಊಟದ ಬಗ್ಗೆ ಚಿಂತೆ ಬೇಡ, ಚೊಂಗೆ ಸಾಕು.